ಹಿಂದೆ ಬಿದ್ದಾಗ ನಮ್ಮ ಟೀಮ್ ಏನ್ ಮಾಡ್ತದ?

ಭಾಗ 1/9 · ಏಳು ಮ್ಯಾಚ್, ಎರಡು ಗುಂಪು

ಪಾಡ್ಯದ ದಿನ ರಾತ್ರಿ ಗೋವಾದಾಗ 0–3 ಸೋತ್ವಿ. ಅವತ್ತಿಂದ ಇವತ್ತಿನತನಕ ನನ್ನ ಇನ್‌ಬಾಕ್ಸ್‌ನಾಗ ಎರಡೇ ತರದ ಮೆಸೇಜ್. ಒಂದು ಗುಂಪು ಹೇಳೋದು: "ಮುಗೀತ್ ನೋಡಪ, ಬಣ್ಣ ಬಯಲಾತು, ಇನ್ನ ಹೋದ ವರ್ಷದ್ದೇ ಕಥಿ." ಇನ್ನೊಂದು ಗುಂಪು: "ಒಂದು ಮ್ಯಾಚ್ ಬಿಡೋ ಮಾರಾಯ, ಟೇಬಲ್‌ನಾಗ ಇನ್ನೂ ನಾವೇ ಮ್ಯಾಲ ಅದೀವಿ."

ಇಬ್ಬರದೂ ಅರ್ಧ ಖರೆ. ಆದ್ರ ಇಬ್ಬರೂ ನೋಡ್ತಿರೋದು ಪಾಯಿಂಟ್ ಟೇಬಲ್ ಮಾತ್ರ. ನಾನು ಈ ಒಂಬತ್ತು ಪೋಸ್ಟ್‌ನಾಗ ಹೇಳೋದು ಒಂದೇ ಮಾತು: ಬೆಂಗಳೂರು ಎಫ್‌ಸಿ ಈ ಸೀಸನ್ ಚಲೋ ಶುರು ಮಾಡಿದೆ, ಅದು ಸುಳ್ಳಲ್ಲ. ಆದ್ರ ಆ ಚಲೋ ಶುರುವಾತಿನೊಳಗ ಒಂದು ಪ್ರಶ್ನೆ ಯಾರೂ ಕೇಳದೆ ಉಳಿದಿತ್ತು. ಗೋವಾ ಅದನ್ನ ಕೇಳಿತು. ನಮ್ಮ ಹತ್ರ ಉತ್ತರ ಇರಲಿಲ್ಲ.

ಹೊಸದಾಗಿ ಫಾಲೋ ಮಾಡಿದವರಿಗೆ ಒಂದು ಮಾತು. ನಾನು ಸಂತೆಕಲ್ಲೂರಿನವ, ಬಿಕಾಂ ಓದ್ತೀನಿ. ಈ ಪೇಜ್‌ನಾಗ ಕ್ರಿಕೆಟ್ ಕಡಿಮೆ, ಫುಟ್‌ಬಾಲ್ ಜಾಸ್ತಿ. ಆಟದ ಕೋಚಿಂಗ್ ನನಗ ಗೊತ್ತಿಲ್ಲ, ಲೆಕ್ಕ ಗೊತ್ತು. ಆದ್ದರಿಂದ ಲೆಕ್ಕದಿಂದಲೇ ಶುರು ಮಾಡ್ತೀನಿ. ಓದಿ ಬೈಯೋದಿದ್ರ ಒಂಬತ್ತೂ ಓದಿದ ಮ್ಯಾಲ ಬೈರಿ.

ಭಾಗ 2/9 · ಮೊದಲು ಖಾತೆ ಪುಸ್ತಕ

ಸುಮ್ನೆ ಬರೆದು ಇಡ್ತೀನಿ, ನೀವೂ ತಾಳೆ ನೋಡ್ಕೊಳ್ರಿ.

ಸೆಪ್ಟೆಂಬರ್ 14, ಕಂಠೀರವ: ಈಸ್ಟ್ ಬೆಂಗಾಲ್ ಮೇಲೆ 1–0. ಗೋಲ್ ವಿನೀತ್ ವೆಂಕಟೇಶ್.
ಸೆಪ್ಟೆಂಬರ್ 19, ಕಂಠೀರವ: ಹೈದರಾಬಾದ್ ಮೇಲೆ 3–0. ರಾಹುಲ್ ಭೇಕೆ ಒಂದು, ಛೆಟ್ರಿ ಎರಡು.
ಸೆಪ್ಟೆಂಬರ್ 28, ಕಂಠೀರವ: ಮೋಹನ್ ಬಗಾನ್ ಮೇಲೆ 3–0. ಎಡ್ಗರ್ ಮೆಂಡೆಜ್, ಸುರೇಶ್, ಛೆಟ್ರಿ.
ಅಕ್ಟೋಬರ್ 2, ಮುಂಬೈ: ಮುಂಬೈ ಸಿಟಿ ಜೊತೆ 0–0.
ಅಕ್ಟೋಬರ್ 18, ಕಂಠೀರವ: ಪಂಜಾಬ್ ಮೇಲೆ 1–0. ಗೋಲ್ ರೋಷನ್.
ಅಕ್ಟೋಬರ್ 25, ಕೊಚ್ಚಿ: ಕೇರಳ ಬ್ಲಾಸ್ಟರ್ಸ್ ಮೇಲೆ 3–1. ಪೆರೇರಾ ಡಿಯಾಜ್ ಒಂದು, ಮೆಂಡೆಜ್ ಎರಡು.
ನವೆಂಬರ್ 2, ಫತೋರ್ಡಾ: ಗೋವಾ ಎದುರು 0–3.

ಒಟ್ಟು ಏಳು ಮ್ಯಾಚ್. ಐದು ಗೆಲುವು, ಒಂದು ಡ್ರಾ, ಒಂದು ಸೋಲು. 16 ಪಾಯಿಂಟ್. ಹೊಡೆದ ಗೋಲ್ 11, ತಿಂದ ಗೋಲ್ 4. ಆ ನಾಲ್ಕರಾಗ ಮೂರು ಒಂದೇ ರಾತ್ರಿಯವು.

ಇದನ್ನ ಹೋದ ಸೀಸನ್ ಪಕ್ಕಕ್ಕ ಇಟ್ಟು ನೋಡ್ರಿ. 2023–24ರಾಗ ಇಡೀ ಲೀಗ್, ಅಂದ್ರ 22 ಮ್ಯಾಚ್ ಆಡಿ ನಾವು ಗಳಿಸಿದ್ದು 22 ಪಾಯಿಂಟ್. ಹನ್ನೆರಡು ಟೀಮ್‌ನಾಗ ಹತ್ತನೇ ಸ್ಥಾನ. ಡಿಸೆಂಬರ್‌ನಾಗ ಕೋಚ್ ಸೈಮನ್ ಗ್ರೇಸನ್ ಹೋದ್ರು, ಗೆರಾರ್ಡ್ ಝರಗೋಝಾ ಬಂದ್ರು. ಆ ಟೀಮ್ ನೋಡ್ತಿದ್ದವರಿಗೆ ಗೊತ್ತು, ರಾತ್ರಿ ಮ್ಯಾಚ್ ಮುಗಿದ ಮ್ಯಾಲ ಫೋನ್ ಉಲ್ಟಾ ಇಟ್ಟು ಮಲಗೋದು ರೂಢಿ ಆಗಿಬಿಟ್ಟಿತ್ತು. ಅಂಥಾ ಟೀಮ್ ಈಗ ಏಳೇ ಮ್ಯಾಚ್‌ಗೆ 16 ಪಾಯಿಂಟ್ ಮಾಡಿದೆ. ಇದನ್ನ ಬಬಲ್ ಅಂತ ಕರೆಯೋವ್ರು ಹೋದ ವರ್ಷ ಮ್ಯಾಚ್ ನೋಡಿಲ್ಲ ಅಂತಲೇ ನಾನು ತಿಳ್ಕೋತೀನಿ.

ಭಾಗ 3/9 · ಸಂಶಯಾಸ್ಪದ ಸಾಲ ತೆಗೆದು ನೋಡೋಣ

ಆದ್ರ ನಮ್ಮ ಅಕೌಂಟ್ಸ್ ಕ್ಲಾಸ್‌ನಾಗ ಮೊದಲು ಕಲಿಸೋ ಮಾತು ಒಂದಿದೆ. ತಾಳೆಪಟ್ಟಿ ಎರಡೂ ಕಡೆ ಕೂಡಿತು ಅಂದ ಮಾತ್ರಕ್ಕ ಲೆಕ್ಕ ಸರಿ ಅಂತ ಅಲ್ಲ. ಕೆಲವು ತಪ್ಪು ತಾಳೆಪಟ್ಟಿಗೆ ಕಾಣೋದೇ ಇಲ್ಲ. ಹಂಗೇ, ಬರಬೇಕಾದ ಸಾಲ ಎಲ್ಲಾ ಆಸ್ತಿ ಅಂತ ತೋರಿಸಬಾರದು. ಅದರೊಳಗ ಎಷ್ಟು ಖರೇನೇ ಬರ್ತದೋ ನೋಡಿ, ಸಂಶಯ ಇದ್ದದ್ದಕ್ಕ ಒಂದಿಷ್ಟು ತೆಗೆದಿಡಬೇಕು.

ಹಂಗ ತೆಗೆದಿಟ್ಟು ನೋಡೋಣ.

ಈಸ್ಟ್ ಬೆಂಗಾಲ್: ಈ ಸೀಸನ್ ಲೀಗ್‌ನಾಗ ಇಲ್ಲಿಯತನಕ ಒಂದು ಪಾಯಿಂಟ್ ಕೂಡ ಅವರಿಗೆ ಸಿಕ್ಕಿಲ್ಲ. ಅವತ್ತು ಅವರ ಕೋಚ್ ಯಾರು ಅಂದ್ರ ಕಾರ್ಲೆಸ್ ಕ್ವದ್ರಾತ್, 2019ರಾಗ ನಮಗ ಕಪ್ ಗೆಲ್ಲಿಸಿದವರು. ಸೆಪ್ಟೆಂಬರ್ ಮುಗಿಯೋದ್ರೊಳಗ ಅವರು ಆ ಕೆಲಸ ಬಿಟ್ರು. ಹೈದರಾಬಾದ್: ಹೋದ ಸೀಸನ್ ಪೂರ್ತಿ ಆಡಿ ಒಂದೇ ಮ್ಯಾಚ್ ಗೆದ್ದ ಟೀಮ್, ದುಡ್ಡಿನ ತೊಂದರೆಯಿಂದ ಈಗಷ್ಟೇ ಎದ್ದು ನಿಂತಿದೆ. ಕೊಚ್ಚಿ: ನಮ್ಮ ಮೊದಲೆರಡು ಗೋಲೂ ಅವರ ಕೈತಪ್ಪಿನಿಂದ ಬಂದವು. ಡಿಫೆಂಡರ್ ಚೆಂಡು ಕಳ್ಕೊಂಡ, ಗೋಲ್‌ಕೀಪರ್ ಚೆಂಡು ಜಾರಿಸಿದ.

ಇಷ್ಟು ತೆಗೆದ್ರೂ ಉಳಿಯೋದು ಏನು? ಹೋದ ಸೀಸನ್‌ನ ಶೀಲ್ಡ್ ಗೆದ್ದ ಮೋಹನ್ ಬಗಾನ್ ಮೇಲೆ 3–0. ಹೋದ ಸೀಸನ್‌ನ ಕಪ್ ಗೆದ್ದ ಮುಂಬೈ ಸಿಟಿ ಎದುರು ಅವರದೇ ನೆಲದಾಗ 0–0. ಮೊದಲ ಮೂರು ಮ್ಯಾಚ್ ಮೂರೂ ಗೆದ್ದು ಬಂದಿದ್ದ ಪಂಜಾಬ್ ಮೇಲೆ 1–0, ಅದೂ ರೆಡ್ ಕಾರ್ಡ್ ಆಗಿ ಹತ್ತೇ ಮಂದಿ ಉಳಿದ ಮ್ಯಾಲ ಲೀಡ್ ಕಾಯ್ದುಕೊಂಡು. ಈ ಏಳು ಪಾಯಿಂಟ್‌ಗೆ ಯಾವ ಸಂಶಯವೂ ಬೇಡ. ಇದು ಕೈಗೆ ಬಂದ ರೊಕ್ಕ.

ಭಾಗ 4/9 · ಯಾವುದು ಖರೆ ಬದಲಾಗಿದೆ

ಎರಡು ಬದಲಾವಣೆ ನನಗ ಎದ್ದು ಕಂಡವು.

ಒಂದು, ಡಿಫೆನ್ಸ್. ಮೊದಲ ಐದು ಮ್ಯಾಚ್ ಒಂದೂ ಗೋಲ್ ತಿಂದಿಲ್ಲ. ಗುರ್‌ಪ್ರೀತ್ ಚಲೋ ಆಡ್ಯಾನ, ಅದು ಹೌದು. ಆದ್ರ ಗೋಲ್‌ಕೀಪರ್ ಒಬ್ಬನಿಂದ ಐದು ಮ್ಯಾಚ್ ಆಗಂಗಿಲ್ಲ. ಮುಂದಿನ ಸಾಲಿನಿಂದಲೇ ಓಡಿ ಚೆಂಡು ಕಸಿಯೋ ಆಟ ಶುರುವಾಗಿದೆ. ಕೊಚ್ಚಿಯ ಮೊದಲ ಗೋಲ್ ಮತ್ತೊಮ್ಮೆ ನೋಡ್ರಿ: ಡಿಫೆಂಡರ್ ಕಾಲಿನಿಂದ ಡಿಯಾಜ್ ಚೆಂಡು ಕಿತ್ಕೊಂಡು ತಾನೇ ಗೋಲ್ ಮಾಡಿದ. ಅವರ ತಪ್ಪು ಅಂತ ಮ್ಯಾಲೆ ಬರೆದೆ. ಆದ್ರ ಆ ತಪ್ಪು ಮಾಡಿಸೋಕೂ ಒಬ್ಬ ಹೋಗಿ ಮೈಮ್ಯಾಲೆ ಬೀಳಬೇಕಲ್ಲ? ಹೋದ ವರ್ಷ ಹಂಗ ಬೀಳೋವ್ರು ಕಡಿಮಿ ಇದ್ರು. ಜೊತೆಗೆ ಭೇಕೆ ವಾಪಸ್ ಬಂದಾನ. ಮುಂಬೈ ಸಿಟಿಗೆ ಹೋಗಿ ಬಂದವ ಇವ. 2019ರ ಫೈನಲ್‌ನಾಗ 117ನೇ ನಿಮಿಷಕ್ಕ ತಲೆಯಿಂದ ಗೋಲ್ ಹೊಡೆದು ನಮಗ ಕಪ್ ತಂದ ಅದೇ ಮನಷ್ಯ. ಅದೇ ಮುಂಬೈನಿಂದ ಡಿಯಾಜ್, ನೊಗುಯೇರಾ ಕೂಡ ಬಂದ್ರು. ಗೆದ್ದು ರೂಢಿ ಇದ್ದವರನ್ನ ತಂದದ್ದು ಕ್ಲಬ್ ಈ ಸಲ ಮಾಡಿದ ಚಲೋ ಕೆಲಸ.

ಎರಡು, ಗೋಲ್ ಒಬ್ಬನ ಮ್ಯಾಲೆ ನಿಂತಿಲ್ಲ. 11 ಗೋಲ್ ಹಂಚಿಕೆ ನೋಡ್ರಿ: ಛೆಟ್ರಿ 3, ಮೆಂಡೆಜ್ 3, ವಿನೀತ್ 1, ಭೇಕೆ 1, ಸುರೇಶ್ 1, ರೋಷನ್ 1, ಡಿಯಾಜ್ 1. ಏಳು ಮಂದಿ! ಎಷ್ಟೋ ವರ್ಷ ನಮ್ಮ ಕಥಿ ಏನಿತ್ತು? ಛೆಟ್ರಿ ಹೊಡೆದ್ರ ಗೆಲುವು, ಇಲ್ಲಾಂದ್ರ ದೇವ್ರ ಇಚ್ಛೆ. ಈಗ ಅವನಿಗೆ ನಲವತ್ತು. ಜೂನ್ 6ಕ್ಕ ಕೋಲ್ಕತ್ತಾದಾಗ ಕುವೈತ್ ಎದುರು ದೇಶದ ಜರ್ಸಿ ಬಿಚ್ಚಿಟ್ಟ, 151 ಮ್ಯಾಚ್, 94 ಗೋಲ್. ಹೈದರಾಬಾದ್ ಮ್ಯಾಚ್‌ನಾಗ ಬೆಂಚಿನಿಂದ ಎದ್ದು ಬಂದು ಎರಡು ಹೊಡೆದ. ಬಗಾನ್ ಮ್ಯಾಚ್‌ನ ಪೆನಾಲ್ಟಿ ಅವನ 64ನೇ ಐಎಸ್‌ಎಲ್ ಗೋಲ್, ಲೀಗ್‌ನಾಗ ಎಲ್ಲರಿಗಿಂತ ಹೆಚ್ಚು. ಇಂಥವ ಟೀಮಿಗೆ ಬೇಕು. ಆದ್ರ ಟೀಮ್ ಅವನೊಬ್ಬನ ಹೆಗಲ ಮ್ಯಾಲೆ ಕೂಡಬಾರದು. ಈ ಸಲ ಕೂತಿಲ್ಲ.

ಭಾಗ 5/9 · ಯಾರೂ ಕೇಳದ ಪ್ರಶ್ನೆ

ಈಗ ಮುಖ್ಯ ಮಾತಿಗೆ ಬರ್ತೀನಿ. ಎರಡನೇ ಭಾಗದ ಪಟ್ಟಿಗೆ ಇನ್ನೊಂದು ಸಲ ಹೋಗಿ, ಮೊದಲ ಆರು ಮ್ಯಾಚ್ ನೋಡಿ ಬರ್ರಿ.

ಈಸ್ಟ್ ಬೆಂಗಾಲ್ ಎದುರು ಮೊದಲ ಗೋಲ್ ನಮ್ಮದು. ಹೈದರಾಬಾದ್ ಎದುರು ನಮ್ಮದು. ಬಗಾನ್ ಎದುರು ನಮ್ಮದು. ಮುಂಬೈನಾಗ ಗೋಲೇ ಇಲ್ಲ. ಪಂಜಾಬ್ ಎದುರು ನಮ್ಮದು. ಕೊಚ್ಚಿಯಾಗೂ ನಮ್ಮದು, ಅವರು ಪೆನಾಲ್ಟಿಯಿಂದ 1–1 ಮಾಡಿದ್ರು, ಮತ್ತ ನಾವೇ ಮುಂದ ಹೋದ್ವಿ.

ತಿಳೀತಾ? ಆರು ಮ್ಯಾಚ್, 540 ನಿಮಿಷ. ಅದರಾಗ ಒಂದೇ ಒಂದು ನಿಮಿಷ ಕೂಡ ನಮ್ಮ ಟೀಮ್ ಹಿಂದೆ ಇರಲಿಲ್ಲ. ಹಿಂದೆ ಬಿದ್ದಾಗ ಯಾರು ಚೆಂಡು ಕೇಳ್ತಾರ, ಯಾರು ತಲಿ ತಗ್ಗಿಸ್ತಾರ, ಕೋಚ್ ಯಾರನ್ನ ಇಳಿಸ್ತಾರ, ಯಾರನ್ನ ತೆಗೀತಾರ, ಇದ್ಯಾವುದೂ ನಮಗ ಗೊತ್ತಾಗೋ ಅವಕಾಶವೇ ಬಂದಿರಲಿಲ್ಲ.

ಇದು ಕೆಟ್ಟ ಸಮಸ್ಯೆ ಅಲ್ಲ, ಯಾರಿಗಾದ್ರೂ ಬೇಕೆನಿಸೋ ಸಮಸ್ಯೆ. ಆದ್ರ ಪರೀಕ್ಷೆಯಾಗ ಬರದ ಪ್ರಶ್ನೆಗೆ ನಮಗ ಉತ್ತರ ಗೊತ್ತು ಅಂತ ಹೇಳಕ್ಕ ಬರಂಗಿಲ್ಲ.

ಒಂದು ಸುಳಿವು ಮಾತ್ರ ಮೊದಲೇ ಸಿಕ್ಕಿತ್ತು. ಆಗಸ್ಟ್ 27, ಡುರಾಂಡ್ ಕಪ್ ಸೆಮಿಫೈನಲ್, ಎದುರು ಮೋಹನ್ ಬಗಾನ್. ಛೆಟ್ರಿ ಪೆನಾಲ್ಟಿ, ವಿನೀತ್ ಗೋಲ್, 2–0 ಮುಂದಿದ್ವಿ. ಅವರು ಒಂದು ವಾಪಸ್ ಕೊಟ್ರು. ಆಮ್ಯಾಲ ಎರಡನೇದೂ ಬಂತು. 2–2. ಕೊನಿಗೆ ಪೆನಾಲ್ಟಿ ಶೂಟೌಟ್‌ನಾಗ 4–3ಕ್ಕ ಸೋತ್ವಿ. ಆಟ ನಮ್ಮ ಕೈಯಿಂದ ಜಾರಕ್ಕ ಶುರುವಾದ್ರ ಅದನ್ನ ಹಿಡಿಯೋವ್ರು ಯಾರು ಅನ್ನೋದು ಅವತ್ತೂ ಕಾಣಲಿಲ್ಲ. ಲೀಗ್ ಶುರುವಾಗಿ ಗೆಲ್ಲಕ್ಕ ಹತ್ತಿದ ಮ್ಯಾಲ ಎಲ್ಲರೂ ಆ ರಾತ್ರಿನ ಮರೆತುಬಿಟ್ರು.

ಭಾಗ 6/9 · ಗೋವಾ, ಮತ್ತ 19ನೇ ಗೇಟು

ಫತೋರ್ಡಾದಾಗ ಮೊದಲಾರ್ಧ 0–0. ಅಲ್ಲಿತನಕ ನಮ್ಮ ಆಟ ಮುಂಬೈಯಾಗ ಆಡಿದಂಗೇ ಇತ್ತು: ಚೆಂದ ಏನಿಲ್ಲ, ಆದ್ರ ಗಟ್ಟಿ. ದ್ವಿತೀಯಾರ್ಧದಾಗ ಸಾದಿಕು ಒಂದು ಹೊಡೆದ. ಆಮ್ಯಾಲ ಬ್ರೈಸನ್. ಕೊನೆಗೆ ದ್ರಾಜಿಚ್. ಐದು ಮ್ಯಾಚ್‌ನಾಗ ಒಂದೂ ಗೋಲ್ ತಿನ್ನದ ಟೀಮ್, ಅರ್ಧ ಗಂಟೆಯಾಗ ಮೂರು ತಿಂತು.

ನಮ್ಮ ಕಡಿಯವರಿಗೆ ಇದನ್ನ ತಿಳಿಸಕ್ಕ ನಾನು ದೂರ ಹೋಗಬೇಕಿಲ್ಲ. ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನಾಗ ಏನಾತು ನೆನಪದ ಅಲ್ಲ? 33 ಗೇಟ್. ಡ್ಯಾಮ್ ತುಂಬಿತ್ತು, ಸಿಂಧನೂರು ಕಡಿ ಭತ್ತದ ಸಸಿ ಹಾಕಿದವರೆಲ್ಲ ಈ ವರ್ಷ ಚಿಂತಿಲ್ಲ ಅಂತ ಕೂತಿದ್ರು. 19ನೇ ಗೇಟಿನ ಚೈನ್ ಒಂದು ತುಂಡಾತು. ಉಳಿದ 32 ಗೇಟ್ ಗಟ್ಟಿ ಇದ್ದು ಏನು ಉಪಯೋಗ? ನೀರು ಹೋಗೋದು ಆ ಒಂದರಿಂದಲೇ. ಡಿಫೆನ್ಸ್ ಅಂದ್ರೂ ಇಷ್ಟೇ. ಹನ್ನೊಂದು ಮಂದ್ಯಾಗ ಹತ್ತು ಮಂದಿ ತಮ್ಮ ಜಾಗದಾಗ ಸರಿ ಇದ್ರೂ, ಒಬ್ಬ ಗೋಲ್ ವಾಪಸ್ ತರ್ತೀನಿ ಅಂತ ಜಾಗ ಬಿಟ್ಟು ಓಡಿದ್ರ ಸಾಕು.

ಆದ್ರ ಆ ಡ್ಯಾಮಿನ ಕಥಿಯಾಗ ನನಗ ಬೇಕಾದ್ದು ಚೈನ್ ತುಂಡಾದದ್ದಲ್ಲ, ಆಮ್ಯಾಲ ಆದದ್ದು. ನೀರು ಖಾಲಿ ಆಗೋತನಕ ಕಾಯದೆ, ಹರಿಯೋ ನೀರಿನಾಗೇ ಸ್ಟಾಪ್‌ಲಾಗ್ ಇಳಿಸಿದ್ರು. ಒಂದು ವಾರದೊಳಗ ನೀರು ನಿಂತಿತು. ಹಿಂದೆ ಬಿದ್ದ ಟೀಮ್ ಕಲಿಯಬೇಕಾದ ಕೆಲಸ ಇದೇ. ಮ್ಯಾಚ್ ಮುಗಿದ ಮ್ಯಾಲ ಮೀಟಿಂಗ್ ಮಾಡೋದು ಎಲ್ಲರಿಗೂ ಬರ್ತದ. ಮ್ಯಾಚ್ ನಡೀತಿರುವಾಗಲೇ ರಿಪೇರಿ ಮಾಡೋದು ಬರಬೇಕು. ಗೋವಾದಾಗ 0–1 ಆದ ಮ್ಯಾಲ ಒಂದು ಹತ್ತು ನಿಮಿಷ ಚೆಂಡು ಕಾಲಾಗ ಇಟ್ಕೊಂಡು ಉಸಿರು ತಗೊಂಡಿದ್ರ ಸಾಕಿತ್ತು. ಅದರ ಬದಲಿಗೆ ಅವಸರ ಮಾಡಿದ್ವಿ. ಎಲ್ಲರೂ ಒಂದೇ ಪಾಸಿನಾಗ ಗೋಲ್ ಹುಡುಕಿದ್ರು.

ಅಂಕಿ ಕೂಡ ಇದನ್ನೇ ಹೇಳ್ತಾವ. ಕಂಠೀರವದಾಗ ನಾಲ್ಕು ಮ್ಯಾಚ್, 12ಕ್ಕ 12 ಪಾಯಿಂಟ್, 8 ಗೋಲ್ ಹೊಡೆದು ಒಂದೂ ತಿಂದಿಲ್ಲ. ಹೊರಗ ಮೂರು ಮ್ಯಾಚ್, 9ಕ್ಕ 4 ಪಾಯಿಂಟ್, 3 ಹೊಡೆದು 4 ತಿಂದೀವಿ. ಮನಿಯಾಗ ಹುಲಿ, ಹೊರಗ ಇನ್ನೂ ಖಾತ್ರಿ ಇಲ್ಲ.

ಭಾಗ 7/9 · ಶುರುವಾತು ಏನು ಹೇಳ್ತದ, ಏನು ಹೇಳಂಗಿಲ್ಲ

ನಮ್ಮೂರು ಘನಮಠ ಶಿವಯೋಗಿಗಳ ಊರು, "ಕೃಷಿ ಜ್ಞಾನ ಪ್ರದೀಪಿಕೆ" ಬರೆದವರು ಅವರು. ಅಂಥಾ ಊರಿನಾಗ ಯಾರನ್ನ ಕೇಳಿದ್ರೂ ಒಂದು ಮಾತು ಹೇಳ್ತಾರ: ಮೊಳಕಿ ಚಲೋ ಬಂತು ಅಂತ ರಾಶಿ ಆಗಂಗಿಲ್ಲ. ನಮ್ಮ ಕ್ಲಬ್ಬಿನ ಚರಿತ್ರೆ ತೆಗೆದ್ರ ಅದೇ ಕಾಣ್ತದ.

2022–23: ಮೊದಲ ಆರು ಮ್ಯಾಚ್‌ನಾಗ ಗೆದ್ದದ್ದು ಒಂದೇ. ಎಲ್ಲರೂ ಕೈಬಿಟ್ಟಿದ್ರು. ಕೊನೆಗೆ ಲೀಗ್‌ನಾಗ ಸಾಲಾಗಿ ಎಂಟು ಗೆದ್ದು ನಾಲ್ಕನೇ ಸ್ಥಾನಕ್ಕ ಬಂದು, ಫೈನಲ್‌ತನಕ ಹೋದ್ವಿ. ಪೆನಾಲ್ಟಿಯಾಗ ಸೋತ್ವಿ, ಬ್ಯಾರೆ ಮಾತು.
2023–24: ಕೆಟ್ಟ ಶುರು, ಕೆಟ್ಟ ಕೊನಿ. ಹತ್ತನೇ ಸ್ಥಾನ.
2018–19: ಮೊದಲ 11 ಮ್ಯಾಚ್ ಸೋಲಿಲ್ಲ. ಕೊನೆಗೆ ಕಪ್.

ಅಂದ್ರ ಶುರುವಾತು ನೋಡಿ ಕೊನಿ ಹೇಳಕ್ಕಾಗಂಗಿಲ್ಲ. ಹಂಗಾದ್ರ ಏನು ನೋಡಬೇಕು? 2018–19ನ್ನೇ ಇನ್ನಷ್ಟು ಹತ್ರ ಹೋಗಿ ನೋಡ್ರಿ. ಆ ಟೀಮ್ ಕಪ್ ಗೆದ್ದದ್ದು 11 ಮ್ಯಾಚ್ ಸೋಲದೆ ಇದ್ದದ್ದಕ್ಕ ಅಲ್ಲ. ಸೆಮಿಫೈನಲ್‌ನ ಮೊದಲ ಲೆಗ್ ಗುವಾಹಟಿಯಾಗ ನಾರ್ತ್‌ಈಸ್ಟ್ ಎದುರು 1–2 ಸೋತು ಬಂದಿತ್ತು. ಕಂಠೀರವದಾಗ ಎರಡನೇ ಲೆಗ್ 3–0 ಗೆದ್ದಿತು. ಹಿಂದೆ ಬಿದ್ದು ಎದ್ದ ರಾತ್ರಿಯೇ ಅವರನ್ನ ಫೈನಲ್‌ಗೆ ಒಯ್ದದ್ದು.

ಇನ್ನೂ ಹಿಂದಕ್ಕ ಹೋಗ್ರಿ, ಅಕ್ಟೋಬರ್ 19, 2016. ಎಎಫ್‌ಸಿ ಕಪ್ ಸೆಮಿಫೈನಲ್, ಎದುರು ಮಲೇಷ್ಯಾದ ಜೊಹೊರ್, ಹಿಂದಿನ ವರ್ಷ ಅದೇ ಕಪ್ ಗೆದ್ದವರು. ಕಂಠೀರವದಾಗ ಮೊದಲ ಗೋಲ್ ಅವರದು. ಆಮ್ಯಾಲ ಛೆಟ್ರಿ ಎರಡು, ಹುವಾನನ್ ಒಂದು. 3–1. ಭಾರತದ ಕ್ಲಬ್ ಒಂದು ಆ ಕಪ್ಪಿನ ಫೈನಲ್‌ಗೆ ಹೋದದ್ದು ಅದೇ ಮೊದಲು. 2013ರಾಗ ಹುಟ್ಟಿದ ಕ್ಲಬ್, ಮೂರೇ ವರ್ಷಕ್ಕ ದೋಹಾದಾಗ ಫೈನಲ್ ಆಡ್ತು.

ಈ ಕ್ಲಬ್ಬಿನ ದೊಡ್ಡ ರಾತ್ರಿಗಳು ಯಾವುವು ಅಂತ ಲೆಕ್ಕ ಹಾಕಿದ್ರ, ಹಿಂದೆ ಬಿದ್ದು ಗೆದ್ದವೇ ಮುಂದ ಬಂದು ನಿಂದ್ರತಾವ. ಅದಕ್ಕ ನಾನು ಹೇಳೋದು: 16 ಪಾಯಿಂಟ್ ಚಲೋ, ಆದ್ರ ಇದು ಕಪ್ ಗೆಲ್ಲೋ ಟೀಮ್ ಹೌದೋ ಅಲ್ಲೋ ಅನ್ನೋದು ಆ 16ರಾಗ ಬರೆದಿಲ್ಲ.

ಭಾಗ 8/9 · "ಬೆಂಗಳೂರು ಟೀಮ್ ನಿನಗ್ಯಾಕೋ?"

ಕ್ಲಾಸ್‌ನಾಗ, ಬಸ್‌ನಾಗ, ಚಹಾದಂಗಡಿಯಾಗ ಎಲ್ಲಾ ಕಡಿ ಕೇಳೋ ಪ್ರಶ್ನೆ ಇದು. ಈ ಪೋಸ್ಟ್ ಕೆಳಗೂ ಒಬ್ಬರಾದ್ರೂ ಕೇಳ್ತಾರ, ಅದಕ್ಕ ಮೊದಲೇ ಹೇಳಿಬಿಡ್ತೀನಿ.

ಬೆಂಗಳೂರು ನಮಗ ನಾನ್ನೂರು ಕಿಲೋಮೀಟರ್ ಹತ್ರ ದೂರ. ಸಿಂಧನೂರಿಗೆ ರೈಲು ಬಂದದ್ದೇ ಈ ವರ್ಷ. ನಮ್ಮ ಕಡಿ ಹುಡುಗರು ಆಡೋದು ಕ್ರಿಕೆಟ್, ಕಬಡ್ಡಿ, ವಾಲಿಬಾಲ್. ಫುಟ್‌ಬಾಲ್ ಅಂದ್ರ ಶಾಲಿ ಮೈದಾನದಾಗ, ಕಲ್ಲಿಟ್ಟು ಗೋಲ್‌ಪೋಸ್ಟ್ ಮಾಡಿ, ಹತ್ತು ರೂಪಾಯಿ ಪಟ್ಟಿ ಹಾಕಿ ತಂದ ಚೆಂಡು. ಹಿಂಗಿರುವಾಗ ಆ ನೀಲಿ ಜರ್ಸಿ ನಮ್ಮದು ಹೆಂಗಾತು?

ನನಗ ಮೂರು ಕಾರಣ ಅದಾವ. ಒಂದು, ಐಎಸ್‌ಎಲ್‌ನಾಗ ಕರ್ನಾಟಕದಿಂದ ಇರೋದು ಇದೊಂದೇ ಟೀಮ್. ಎರಡು, ಈ ನಾಡಿನಾಗ ಫುಟ್‌ಬಾಲ್ ಹೊಸದಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಾಗ ಫ್ರಾನ್ಸ್ ಎದುರು ಭಾರತಕ್ಕ ಗೋಲ್ ಹೊಡೆದ ಎಸ್. ರಾಮನ್ ಬೆಂಗಳೂರಿನವರು. ಹೋದ ವರ್ಷ ಮಾರ್ಚ್‌ನಾಗ ರಿಯಾದ್‌ನಾಗ ಮೇಘಾಲಯವನ್ನ 3–2 ಸೋಲಿಸಿ ಕರ್ನಾಟಕ ಸಂತೋಷ್ ಟ್ರೋಫಿ ತಂತು, 54 ವರ್ಷದ ಮ್ಯಾಲ. ಎಷ್ಟು ಮಂದಿಗೆ ಗೊತ್ತಾತು? ಮೂರು, ಈ ಸೀಸನ್‌ನ ಮೊದಲ ಗೋಲ್ ಹೊಡೆದವ ವಿದೇಶದಿಂದ ಬಂದವನಲ್ಲ, ಛೆಟ್ರಿನೂ ಅಲ್ಲ. ಕ್ಲಬ್ಬಿನ ಸ್ವಂತ ಅಕಾಡೆಮಿಯಾಗ ಬೆಳೆದ ವಿನೀತ್ ವೆಂಕಟೇಶ್, ನನ್ನ ವಯಸ್ಸಿನ ಹುಡುಗ. ಅವನ ಹೆಸರು ಸ್ಕೋರ್‌ಬೋರ್ಡ್ ಮ್ಯಾಲೆ ಬಂದಾಗ ನನಗ ಆದ ಖುಷಿ, ಛೆಟ್ರಿಯ 64ನೇ ಗೋಲಿಗೂ ಆಗಿಲ್ಲ.

ಕ್ಲಬ್ಬಿಗೆ ಒಂದು ಮಾತು ಹೇಳೋದೈತಿ. ಅಕಾಡೆಮಿಯ ಕಣ್ಣು ಬೆಂಗಳೂರು ಸುತ್ತಮುತ್ತ ಅಷ್ಟೇ ಇದ್ರ ಸಾಲದು. ರಾಯಚೂರು, ಕೊಪ್ಪಳ, ಯಾದಗಿರಿ ಕಡಿಗೂ ವರ್ಷಕ್ಕ ಒಂದು ಸಲ ಬಂದು ಟ್ರಯಲ್ ಇಡ್ರಿ. ಓಡೋ ಕಾಲು ಇಲ್ಲೂ ಅದಾವ, ಚೆಂಡು ಇಲ್ಲ ಅಷ್ಟೇ.

ಮತ್ತ ಒಂದು ಮನಸಿನ ಮಾತು. ನಂಜುಂಡಪ್ಪ ವರದಿ ಕಾಲದಿಂದ ಹಿಡಿದು ಇವತ್ತಿನ ಪೇಪರ್‌ತನಕ ನಮ್ಮ ಜಿಲ್ಲೆಯ ಹೆಸರಿನ ಮುಂದ "ಹಿಂದುಳಿದ" ಅನ್ನೋ ಪದ ಅಂಟಿಕೊಂಡು ಬಂದದ. ಹಿಂದೆ ಇದ್ದವರು ಏನ್ ಮಾಡ್ತಾರ ಅನ್ನೋ ಪ್ರಶ್ನೆ ನಮಗ ಬರೀ ಆಟದ್ದಲ್ಲ. ಬಹುಶಃ ಅದಕ್ಕೇ ಇರಬೇಕು, 3–0 ಗೆಲ್ಲೋ ಮ್ಯಾಚಿಗಿಂತ 0–1ರಿಂದ ಎದ್ದು ಬರೋ ಮ್ಯಾಚಿಗೆ ನಾನು ಹೆಚ್ಚು ಕಾಯ್ತೀನಿ.

ಭಾಗ 9/9 · ಶುಕ್ರವಾರ ಏನು ನೋಡಬೇಕು

ನವೆಂಬರ್ 8, ಶುಕ್ರವಾರ ರಾತ್ರಿ, ಕಂಠೀರವ. ಎದುರಾಳಿ ಯಾರು ಅಂದ್ರ ನಾರ್ತ್‌ಈಸ್ಟ್ ಯುನೈಟೆಡ್.

ಇವರನ್ನ ಹಗುರ ತಗೋಬ್ಯಾಡ್ರಿ. ಮೊರಾಕ್ಕೊದ ಅಜಾರೈ ಈ ಸೀಸನ್ ಗೋಲ್ ಮ್ಯಾಲ ಗೋಲ್ ಹೊಡೀತಿದ್ದಾನ. ಅದಕ್ಕಿಂತ ಮುಖ್ಯ, ಡುರಾಂಡ್ ಕಪ್ ಗೆದ್ದವರು ಇವರೇ. ಹೆಂಗ ಗೆದ್ದರು ಗೊತ್ತಾ? ಆಗಸ್ಟ್ 31ರ ಫೈನಲ್‌ನಾಗ ಎದುರು ಅದೇ ಮೋಹನ್ ಬಗಾನ್. 0–2 ಹಿಂದೆ ಇದ್ರು. 2–2 ಮಾಡಿದ್ರು. ಪೆನಾಲ್ಟಿಯಾಗ 4–3 ಗೆದ್ದರು.

ಪಕ್ಕಕ್ಕ ಪಕ್ಕಕ್ಕ ಇಟ್ಟು ನೋಡ್ರಿ. ಅದೇ ಕಪ್, ಅದೇ ಬಗಾನ್, ನಾಲ್ಕು ದಿನದ ಅಂತರ. ನಾವು 2–0 ಮುಂದಿದ್ದು 4–3 ಪೆನಾಲ್ಟಿಯಾಗ ಸೋತ್ವಿ. ಅವರು 0–2 ಹಿಂದಿದ್ದು 4–3 ಪೆನಾಲ್ಟಿಯಾಗ ಗೆದ್ದರು. ಕ್ಲಬ್ಬಿನ ಬಜೆಟ್, ಹೆಸರು, ಫ್ಯಾನ್ಸ್, ಯಾವುದರಾಗೂ ಅವರು ನಮಗಿಂತ ದೊಡ್ಡವರಲ್ಲ. ನಮಗ ಇನ್ನೂ ಬರದ ಒಂದು ಕೆಲಸ ಅವರಿಗೆ ಬರ್ತದ, ಅಷ್ಟೇ.

ಹಂಗಾಗಿ ಶುಕ್ರವಾರ ಜಿಯೋಸಿನೆಮಾ ಹಚ್ಚಿ ಕೂತಾಗ ಸ್ಕೋರ್ ಮಾತ್ರ ನೋಡಬ್ಯಾಡ್ರಿ. ಮೂರು ವಿಷಯ ನೋಡ್ರಿ.

ಒಂದು, ಅವರು ಒಂದು ಗೋಲ್ ಹೊಡೆದ್ರ, ಆಮ್ಯಾಲಿನ ಹತ್ತು ನಿಮಿಷ ನಮ್ಮವರು ಏನ್ ಮಾಡ್ತಾರ. ಅವಸರವೋ, ಸಮಾಧಾನವೋ.

ಎರಡು, ಝರಗೋಝಾ ಯಾವಾಗ ಬದಲಾವಣೆ ಮಾಡ್ತಾರ. 0–2 ಆದ ಮ್ಯಾಲ ಮಾಡೋದು ಬ್ಯಾರೆ, 0–1 ಇದ್ದಾಗಲೇ ಮಾಡೋದು ಬ್ಯಾರೆ. ಡ್ಯಾಮಿನ ಸ್ಟಾಪ್‌ಲಾಗ್ ನೆನಪಿಟ್ಕೊಳ್ರಿ.

ಮೂರು, ಹಿಂದೆ ಬಿದ್ದಾಗ ಚೆಂಡು ಯಾರು ಕೇಳ್ತಾರ. ಪ್ರತಿ ಸಲ ಛೆಟ್ರಿ ಒಬ್ಬನೇ ಕೈ ಎತ್ತಿದ್ರ, ನಾಲ್ಕನೇ ಭಾಗದಾಗ ನಾನು ಬರೆದ ಏಳು ಮಂದಿ ಲೆಕ್ಕ ಇನ್ನೂ ಪೂರ್ತಿ ನಂಬೋಹಂಗಿಲ್ಲ. ಸುರೇಶ್ ಕೇಳಿದ್ರ, ವಿನೀತ್ ಕೇಳಿದ್ರ, ಆಗ ಕುಂತಲ್ಲೇ ಒಂದು ಸೀಟಿ ಹೊಡೀರಿ.

ಶುಕ್ರವಾರ 2–0 ಗೆದ್ದು, ಒಂದು ನಿಮಿಷವೂ ಹಿಂದೆ ಬೀಳದಿದ್ರ ನಾನೂ ಕುಣೀತೀನಿ, ಆದ್ರ ಪ್ರಶ್ನೆ ಹಂಗೇ ಉಳೀತದ. ಒಂದು ತಿಂದು, ಎದ್ದು, ಡ್ರಾ ಮಾಡಿಕೊಂಡ್ರೂ ನನಗ ಅದು ಸಣ್ಣ ಫಲಿತಾಂಶ ಅಲ್ಲ. 24 ಮ್ಯಾಚಿನ ಲೀಗ್ ಇದು, ಇನ್ನ 17 ಉಳಿದಾವ. ಪ್ಲೇಆಫ್‌ಗೆ ಮೊದಲ ಆರು ಟೀಮ್ ಸಾಕು, ಅಲ್ಲಿಗೆ ಈ 16 ಪಾಯಿಂಟ್ ಅರ್ಧ ದಾರಿ ಒಯ್ದಾವ. ಉಳಿದ ದಾರಿಗೆ ಬೇಕಾದ್ದು ಬಿದ್ದಾಗ ಏಳೋ ರೂಢಿ.

ನಿಮ್ಮ ಪ್ರಕಾರ 0–1 ಇದ್ದಾಗ ಬೆಂಚಿನಿಂದ ಮೊದಲು ಯಾರನ್ನ ಇಳಿಸಬೇಕು? ಒಂದೇ ಹೆಸರು, ಒಂದೇ ಕಾರಣ, ಕಾಮೆಂಟ್‌ನಾಗ ಬರೀರಿ. "ಈ ಸಲ ಕಪ್ ನಮ್ದೇ" ಅಂತ ಬರೆಯೋವ್ರಿಗೆ ನಮಸ್ಕಾರ, ಆ ಮಾತು ಈಗಾಗಲೇ ಇನ್ನೊಂದು ಟೀಮ್ ಬಳಸಿ ಸವೆಸಿಬಿಟ್ಟದ.

#ಬೆಂಗಳೂರುಎಫ್‌ಸಿ #ಕಂಠೀರವ #ಐಎಸ್‌ಎಲ್ #ಕನ್ನಡದಾಗಫುಟ್‌ಬಾಲ್ #ಸಂತೆಕಲ್ಲೂರು #ಮಸ್ಕಿ #ರಾಯಚೂರು